ಓದುಗರ ಪ್ರಶ್ನೆ: 412ನೇ ಚೀಟಿ ಎಲ್ಲಿ ಹೋಯಿತು?

ಹೋದ ವಾರ ಒಬ್ಬ ಹುಡುಗನಿಗೆ ಫೋನಿನಲ್ಲಿ ಅರ್ಧ ಗಂಟೆ ಇಂಜೆಕ್ಷನ್ ಬಗ್ಗೆ ಹೇಳುತ್ತಿದ್ದೆ. ಫೋನ್ ಇಟ್ಟ ಮೇಲೆ ನಮ್ಮವ್ವ ಅಡುಗೆಮನೆಯಿಂದಲೇ ಕೇಳಿದಳು, "ಇಷ್ಟೊತ್ತನ ಯಾರಿಗಿ ಸೂಜಿ ಮಾಡ್ಲಾಕತ್ತಿದ್ದಿ?" ಜಾವಾ ಕ್ಲಾಸಿಗೆ ಅಂದೆ. ಸುಮ್ಮನಾದಳು.

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಇದೇ ಸೂಜಿಯ ಬಗ್ಗೆ. ಡೇಟಾಬೇಸ್ ಜೊತೆ ವ್ಯವಹಾರ ಮಾಡುವ ವಸ್ತುವಿಗೆ ಜಾವಾದಲ್ಲಿ ಎಂಟಿಟಿ ಮ್ಯಾನೇಜರ್ ಅಂತಾರೆ. ಅದನ್ನು ನಾವು ಕೈಯಾರೆ ಮಾಡಿಕೊಳ್ಳಬಹುದು. ಇಲ್ಲವೇ ಫೀಲ್ಡ್, ಅಂದರೆ ಕ್ಲಾಸಿನೊಳಗಿನ ವೇರಿಯಬಲ್ ಮೇಲೆ ಒಂದು ಗುರುತು ಹಾಕಿ ಬಿಟ್ಟರೆ ಸರ್ವರೇ ತಂದು ಒಳಗೆ ಇಡುತ್ತದೆ. ಆ ಇಡುವುದೇ ಇಂಜೆಕ್ಷನ್. 2006ರ ಮೇ ತಿಂಗಳಲ್ಲಿ ಜಾವಾ ಇಇ 5 (ಸರ್ವರ್ ಕೆಲಸಗಳಿಗಾಗಿ ಇರುವ ಜಾವಾ) ಜೊತೆ ಜೆಪಿಎ, ಅಂದರೆ ಡೇಟಾಬೇಸ್ ವ್ಯವಹಾರದ ನಿಯಮಾವಳಿ, ಬಂದಾಗಿನಿಂದ ಈ ಸೌಲಭ್ಯ ಇದೆ. ಅದರ ಗೊಂದಲವೂ ಆಗಿನಿಂದಲೇ ಇದೆ. ಮೊದಲ ಪತ್ರ ಸರ್ವ್‌ಲೆಟ್ ಬಗ್ಗೆ, ಅಂದರೆ ಬ್ರೌಸರಿನಿಂದ ಬಂದ ಕೋರಿಕೆಗೆ ಸರ್ವರಿನಲ್ಲಿ ಉತ್ತರ ಕೊಡುವ ಜಾವಾ ಕ್ಲಾಸ್ ಬಗ್ಗೆ.

ನಮ್ಮ ಸರ್ವ್‌ಲೆಟ್ ಕ್ಲಾಸಿನಲ್ಲಿ ಎಂಟಿಟಿ ಮ್ಯಾನೇಜರ್ ಫೀಲ್ಡ್ ಮೇಲೆ @ಪರ್ಸಿಸ್ಟೆನ್ಸ್‌ಕಾಂಟೆಕ್ಸ್ಟ್ ಹಾಕಿದ್ದೇನೆ. ವೈಲ್ಡ್‌ಫ್ಲೈ ಸರ್ವರಿನಲ್ಲಿ ಎಂಟು ತಿಂಗಳಿಂದ ನಡೀತಾ ಇದೆ, ಒಂದು ದಿನವೂ ತೊಂದರೆ ಇಲ್ಲ. ಹೊಸದಾಗಿ ಬಂದ ಸೀನಿಯರ್ ಇದು ತಪ್ಪು, ತೆಗಿ ಅಂತಾರೆ. ನಡೀತಿರೋದನ್ನ ಯಾಕೆ ತೆಗೀಬೇಕು ಸರ್?
— ಶಹಾಪುರದ ಓದುಗರು

ನಿಮ್ಮ ಸೀನಿಯರ್ ಸರಿ. ಆದರೆ ನಿಮ್ಮದು ಯಾಕೆ ನಡೀತಿದೆ ಅನ್ನುವುದೂ ಗೊತ್ತಾಗಬೇಕಲ್ಲ. ಅದಕ್ಕೂ ಮೊದಲು ನನ್ನ ಒಂದು ಹಳೆಯ ಪಾಡು ಹೇಳುತ್ತೇನೆ.

2009ರ ಜನವರಿ. ಆಗ ನಮ್ಮ ಊರು ಸರಕಾರಿ ಕಾಗದದಲ್ಲಿ ಇನ್ನೂ ಗುಲ್ಬರ್ಗ. ಗಂಜ್‌ನ ಒಂದು ಅಡತಿ ಅಂಗಡಿಗೆ ನಾನು ತೂಕದ ಚೀಟಿಯ ಸಾಫ್ಟ್‌ವೇರ್ ಮಾಡಿ ಕೊಟ್ಟಿದ್ದೆ. ಸರ್ವರ್ ಟಾಮ್‌ಕ್ಯಾಟ್, ಜೆಪಿಎ ಕೆಲಸಕ್ಕೆ ಹೈಬರ್ನೇಟ್, ಡೇಟಾಬೇಸ್ ಪೋಸ್ಟ್‌ಗ್ರೆಸ್. ಸರ್ವ್‌ಲೆಟ್‌ನ ಇನಿಟ್ ಮೆಥಡ್‌ನಲ್ಲಿ ಒಂದೇ ಒಂದು ಎಂಟಿಟಿ ಮ್ಯಾನೇಜರ್ ಮಾಡಿ ಫೀಲ್ಡ್‌ನಲ್ಲಿ ಇಟ್ಟುಕೊಂಡಿದ್ದೆ. ಪ್ರತಿ ಸಲ ಹೊಸದು ಮಾಡೋದು ಯಾಕೆ, ದುಬಾರಿ ಅಲ್ವಾ ಅಂತ ನನ್ನ ಲೆಕ್ಕ. ಹಿಂದಿನ ಜುಲೈನಲ್ಲಿ ಟೆಸ್ಟ್ ಮಾಡಿದ್ದೆ. ಜುಲೈನಲ್ಲಿ ಗಂಜ್‌ನಲ್ಲಿ ಕೆಲಸ ಕಡಿಮೆ. ಕಂಪ್ಯೂಟರ್ ಮುಂದೆ ಕೂತವನು ನಾನೊಬ್ಬನೇ. ಎಲ್ಲ ಬೆಣ್ಣೆಯಂತೆ ನಡೆಯಿತು.

ತೊಗರಿ ಬರಲು ಶುರುವಾಯಿತು ನೋಡಿ, ಮೂರು ಕಂಪ್ಯೂಟರ್ ಒಟ್ಟಿಗೆ ಓಡತೊಡಗಿದವು. ಮೊದಲ ದಿನವೇ ಒಂದು ಎಕ್ಸೆಪ್ಷನ್, ಅಂದರೆ ಎರರ್: ಟ್ರಾನ್ಸಾಕ್ಷನ್ (ಆದರೆ ಪೂರ್ತಿ ಆಗುವ, ಇಲ್ಲದಿದ್ದರೆ ಏನೂ ಆಗದ ಡೇಟಾಬೇಸ್ ಕೆಲಸದ ಕಟ್ಟು) ಆಗಲೇ ಶುರುವಾಗಿದೆ, ಮತ್ತೆ ಶುರು ಮಾಡಲು ಆಗುವುದಿಲ್ಲ. ನಾನು ಏನು ಮಾಡಿದೆ? 'ಶುರುವಾಗಿಲ್ಲದಿದ್ದರೆ ಮಾತ್ರ ಶುರು ಮಾಡು' ಅಂತ ಒಂದು ಇಫ್ ಹಾಕಿದೆ. ಮರುದಿನ ಆ ಕೆಲಸವನ್ನು ಖಾಯಂ ಮಾಡುವ ಕಮಿಟ್ ಹತ್ತಿರ ಅದೇ ಥರದ ಇನ್ನೊಂದು ಎಕ್ಸೆಪ್ಷನ್. ಅಲ್ಲೂ ಒಂದು ಇಫ್. ಆ ಎಕ್ಸೆಪ್ಷನ್‌ಗಳು ನನಗೆ ನಿಜ ಹೇಳುತ್ತಿದ್ದವು. ನಾನು ಅವುಗಳ ಬಾಯಿ ಮುಚ್ಚಿಸಿದೆ.

ನಾಲ್ಕು ದಿನ ಬಿಟ್ಟು ಒಬ್ಬ ರೈತರು ಬಂದರು. ಟವೆಲ್ಲಿನ ತುದಿಯ ಗಂಟು ಬಿಚ್ಚಿ ಒಂದು ಚೀಟಿ ತೆಗೆದು ಮೇಜಿನ ಮೇಲೆ ಇಟ್ಟರು. ಚೀಟಿ ನಂಬರ್ 412, ತೊಗರಿ, 37 ಚೀಲ. ನಮ್ಮದೇ ಪ್ರಿಂಟರಿನ ಅಕ್ಷರ. ಕಂಪ್ಯೂಟರಿನಲ್ಲಿ ಹುಡುಕಿದರೆ 412 ಇಲ್ಲ. "ಕಾಗದದಾಗ ಅದಾವ, ನಿಮ್ಮ ಡಬ್ಬಿದಾಗ ಇಲ್ಲ ಅಂದ್ರ ನನ್ನ ಚೀಲ ಎಲ್ಲಿ ಹ್ವಾದ್ವು ಹೇಳ್ರಿ" ಅಂದರು. ಸಾಹುಕಾರರು ಚೀಟಿ ನೋಡಿ ದುಡ್ಡು ಎಣಿಸಿ ಕೊಟ್ಟರು. ಆಮೇಲೆ ನನ್ನ ಕಡೆ ತಿರುಗಿದರು. ಅಂದು ಕೇಳಿದ ಮಾತುಗಳನ್ನು ಪತ್ರಿಕೆಯಲ್ಲಿ ಹಾಕಲು ಬರುವುದಿಲ್ಲ.

ರಾತ್ರಿ ಟೇಬಲ್ ತೆಗೆದು ನೋಡಿದೆ. 411 ಇದೆ, ಅದರ ನಂತರ ನೇರವಾಗಿ 414. ಒಂದಲ್ಲ, ಎರಡು ನಂಬರ್ ಮಾಯ. ಅದೇ ಸುಳಿವು ಆಯಿತು. ಪೋಸ್ಟ್‌ಗ್ರೆಸ್‌ನಲ್ಲಿ ನಂಬರ್ ಹಂಚುವ ಸೀಕ್ವೆನ್ಸ್ ಒಮ್ಮೆ ಕೊಟ್ಟ ನಂಬರ್ ವಾಪಸ್ ತಗೊಳ್ಳಲ್ಲ, ಟ್ರಾನ್ಸಾಕ್ಷನ್ ರೋಲ್‌ಬ್ಯಾಕ್ ಆದರೂ, ಅಂದರೆ ಪೂರ್ತಿ ರದ್ದಾದರೂ ಸರಿ. ಅಂದರೆ ಎರಡು ದಾಖಲೆ ಒಟ್ಟಿಗೆ ಹುಟ್ಟಿ ಒಟ್ಟಿಗೆ ಸತ್ತಿವೆ.

ಆಗಿದ್ದು ಇಷ್ಟು. ಮೊದಲ ಕಂಪ್ಯೂಟರಿನಲ್ಲಿ 412 ದಾಖಲಾಗುತ್ತಿತ್ತು. ನಡುವೆ ಕಾಟಾದಿಂದ ತೂಕ ಓದಿಕೊಳ್ಳಲು ಎರಡು ಮೂರು ಸೆಕೆಂಡ್ ನಿಲ್ಲುತ್ತಿತ್ತು. ಆ ಸೆಕೆಂಡುಗಳಲ್ಲಿ ಎರಡನೇ ಕಂಪ್ಯೂಟರಿನ ಹುಡುಗ 413 ಒತ್ತಿದ. ಅವನು ಊರಿನ ಹೆಸರಿನ ಜಾಗದಲ್ಲಿ ಊರು, ತಾಲೂಕು, ಜಿಲ್ಲೆ ಎಲ್ಲ ಸೇರಿಸಿ ಬರೆದಿದ್ದ. ಕಾಲಮ್ ಇದ್ದದ್ದು ಇಪ್ಪತ್ತೇ ಅಕ್ಷರಕ್ಕೆ. ಅವನ ಕಮಿಟ್ ಎರಡೂ ದಾಖಲೆಗಳನ್ನು ಡೇಟಾಬೇಸಿಗೆ ತಳ್ಳಿತು, ಯಾಕೆಂದರೆ ಎಂಟಿಟಿ ಮ್ಯಾನೇಜರ್ ಒಂದೇ. ಉದ್ದದ ಹೆಸರು ನೋಡಿ ಡೇಟಾಬೇಸ್ ಒಲ್ಲೆ ಅಂತು. ರೋಲ್‌ಬ್ಯಾಕ್. ಎರಡೂ ಹೋದವು. ಆಮೇಲೆ ಮೊದಲ ಕಂಪ್ಯೂಟರ್ ತನ್ನ ಕಮಿಟ್‌ಗೆ ಬಂತು. ಅಲ್ಲಿ ನನ್ನ ಜಾಣ ಇಫ್ ಕಾಯುತ್ತಿತ್ತು: ಟ್ರಾನ್ಸಾಕ್ಷನ್ ಇಲ್ಲ, ಹಾಗಾದರೆ ಸುಮ್ನೆ ಮುಂದೆ ಹೋಗು. ಪರದೆಯ ಮೇಲೆ 'ಉಳಿಸಲಾಗಿದೆ' ಅಂತ ಬಂತು. ಚೀಟಿ ಮೆಮೊರಿಯಲ್ಲಿದ್ದ ವಸ್ತುವಿನಿಂದ ಅಚ್ಚಾಗಿ ಹೊರಗೆ ಬಂತು.

ನಮ್ಮ ಗಂಜ್ ಭಾಷೆಯಲ್ಲಿ ಹೇಳುವುದಾದರೆ ಎಂಟಿಟಿ ಮ್ಯಾನೇಜರ್ ಒಂದು ಕಚ್ಚಾ ವಹಿ. ಮೊದಲು ಅದರಲ್ಲಿ ಗೀಚಿಕೊಳ್ಳುತ್ತೀರಿ. ಲೆಕ್ಕ ಕೂಡಿದ ಮೇಲೆ ಪಕ್ಕಾ ಕಿರ್ದಿಗೆ ಇಳಿಸುತ್ತೀರಿ, ಅದೇ ಕಮಿಟ್. ಮೂವರು ಗುಮಾಸ್ತರು ಒಂದೇ ಕಚ್ಚಾ ವಹಿಯಲ್ಲಿ ಒಟ್ಟಿಗೆ ಬರೆಯಲು ಕೂತರೆ, ಒಬ್ಬ ಹಾಳೆ ಹರಿದಾಗ ಮೂವರ ಲೆಕ್ಕವೂ ಹೋಗುತ್ತದೆ. ವಹಿಗಳ ಕಟ್ಟು ಇಟ್ಟ ಕಪಾಟು ಬೇರೆ ಮಾತು. ಅದು ಎಂಟಿಟಿ ಮ್ಯಾನೇಜರ್ ಫ್ಯಾಕ್ಟರಿ. ಅದರ ಬಾಗಿಲು ಎಷ್ಟು ಜನ ಬೇಕಾದರೂ ತೆಗೆಯಬಹುದು. ದುಬಾರಿ ಇರುವುದು ಕಪಾಟು, ವಹಿ ಅಗ್ಗ. ನಾನು ಇದನ್ನೇ ತಿರುವುಮುರುವು ತಿಳಿದಿದ್ದೆ.

ಸರ್ವ್‌ಲೆಟ್‌ಗೆ ಬರೋಣ. ಸರ್ವರ್ ನಿಮ್ಮ ಸರ್ವ್‌ಲೆಟ್‌ನ ಒಂದೇ ಒಂದು ವಸ್ತು ಮಾಡುತ್ತದೆ. ನೂರು ಜನ ಬಂದರೆ ನೂರು ಥ್ರೆಡ್ (ಒಟ್ಟೊಟ್ಟಿಗೆ ಓಡುವ ಕೆಲಸದ ಎಳೆಗಳು) ಆ ಒಂದರ ಒಳಗೇ ಓಡಾಡುತ್ತವೆ. ಫೀಲ್ಡ್‌ನಲ್ಲಿ ಇಟ್ಟದ್ದು ಎಲ್ಲರ ಸೊತ್ತು. ಎಂಟಿಟಿ ಮ್ಯಾನೇಜರನ್ನು ಏಕಕಾಲಕ್ಕೆ ಹಲವು ಥ್ರೆಡ್‌ಗಳು ಹಂಚಿಕೊಳ್ಳಬಾರದು ಅಂತ ಜೆಪಿಎ ನಿಯಮ ನೇರವಾಗಿ ಹೇಳುತ್ತದೆ.

ಹಾಗಾದರೆ ನಿಮ್ಮದು ಎಂಟು ತಿಂಗಳಿಂದ ಹೇಗೆ ನಡೀತಿದೆ? ವೈಲ್ಡ್‌ಫ್ಲೈ ನಿಮ್ಮ ಫೀಲ್ಡ್‌ಗೆ ಇಟ್ಟಿರುವುದು ಅಸಲಿ ಎಂಟಿಟಿ ಮ್ಯಾನೇಜರ್ ಅಲ್ಲ, ಒಬ್ಬ ದಲ್ಲಾಳಿ. ಪ್ರಾಕ್ಸಿ ಅನ್ನುತ್ತಾರೆ. ನೀವು ಕರೆದಾಗಲೆಲ್ಲ ಅದು ಈಗ ನಡೆಯುತ್ತಿರುವ ಟ್ರಾನ್ಸಾಕ್ಷನ್ ಯಾವುದು ಅಂತ ನೋಡಿ, ಅದಕ್ಕೆ ಸೇರಿದ ಅಸಲಿಯ ಹತ್ತಿರ ಕೆಲಸ ಒಪ್ಪಿಸುತ್ತದೆ. ಗ್ಲಾಸ್‌ಫಿಶ್ ಕೂಡ ಹೀಗೇ ಮಾಡುತ್ತದೆ. ಸ್ಪ್ರಿಂಗ್ ಫ್ರೇಮ್‌ವರ್ಕ್ ಬಳಸುವವರಿಗೆ ಸಿಗುವುದೂ ಇಂಥ ಹಂಚಿಕೊಳ್ಳಬಹುದಾದ ಪ್ರಾಕ್ಸಿಯೇ, ಅದಕ್ಕೇ ಅವರು ಫೀಲ್ಡ್‌ನಲ್ಲಿ ಇಟ್ಟುಕೊಂಡು ನೆಮ್ಮದಿಯಾಗಿ ಇರುತ್ತಾರೆ. ಆದರೆ ಸರ್ವ್‌ಲೆಟ್ ಫೀಲ್ಡ್‌ನಲ್ಲಿ ಹೀಗೆ ಹಂಚಿಕೊಳ್ಳಬಹುದು ಅಂತ ಜೆಪಿಎ ನಿಯಮದಲ್ಲಿ ಎಲ್ಲೂ ಮಾತು ಕೊಟ್ಟಿಲ್ಲ. ನಾಳೆ ನಿಮ್ಮ ಕಂಪನಿ ಸರ್ವರ್ ಬದಲಿಸಿದರೆ ಜವಾಬ್ದಾರಿ ನಿಮ್ಮದು.

ಇನ್ನೊಂದು ಕಾಡುವ ವಿಷಯ ಇದೆ. ಟ್ರಾನ್ಸಾಕ್ಷನ್ ಇಲ್ಲದೆ ಈ ಪ್ರಾಕ್ಸಿಯಿಂದ ಒಂದು ದಾಖಲೆ ಹುಡುಕಿ ತಂದರೆ, ಆ ಕರೆ ಮುಗಿದ ಕೂಡಲೇ ಆ ದಾಖಲೆಗೂ ವಹಿಗೂ ಸಂಬಂಧ ಕಡಿದುಹೋಗುತ್ತದೆ. ನೀವು ಅದರಲ್ಲಿ ದರ ಬದಲಿಸುತ್ತೀರಿ, ಏನೂ ಎರರ್ ಇಲ್ಲ, ಡೇಟಾಬೇಸಿನಲ್ಲಿ ಹಳೆಯ ದರವೇ ಇರುತ್ತದೆ. ಪರ್ಸಿಸ್ಟ್ ಕರೆದರೆ ಪರವಾಗಿಲ್ಲ, ಟ್ರಾನ್ಸಾಕ್ಷನ್ ಬೇಕು ಅಂತ ಎಕ್ಸೆಪ್ಷನ್ ಆದರೂ ಬರುತ್ತದೆ. ಕೂಗುವ ತಪ್ಪಿಗಿಂತ ಸುಮ್ನೆ ಕೂತ ತಪ್ಪು ಜಾಸ್ತಿ ಕಾಡುತ್ತದೆ.

ನನ್ನ ಸಲಹೆ: ಡೇಟಾಬೇಸ್ ಕೆಲಸವನ್ನೆಲ್ಲ ಒಂದು ಸ್ಟೇಟ್‌ಲೆಸ್ ಸೆಷನ್ ಬೀನ್‌ಗೆ (ಸರ್ವರೇ ಹುಟ್ಟಿಸಿ ನೋಡಿಕೊಳ್ಳುವ ಜಾವಾ ವಸ್ತು) ಎತ್ತಿ ಹಾಕಿ. ಎಂಟಿಟಿ ಮ್ಯಾನೇಜರ್ ಅಲ್ಲಿ ಇರಲಿ, ಬೀನನ್ನು ಸರ್ವ್‌ಲೆಟ್‌ಗೆ ಇಂಜೆಕ್ಟ್ ಮಾಡಿಸಿ. ಒಂದು ಬೀನ್ ವಸ್ತುವಿನ ಒಳಗೆ ಏಕಕಾಲಕ್ಕೆ ಒಂದೇ ಥ್ರೆಡ್ ಇರುವಂತೆ ಕಂಟೇನರ್, ಅಂದರೆ ಸರ್ವರಿನಲ್ಲಿ ಇಂಥ ವಸ್ತುಗಳನ್ನು ಸಾಕುವ ಭಾಗ, ನೋಡಿಕೊಳ್ಳುತ್ತದೆ. ಟ್ರಾನ್ಸಾಕ್ಷನ್ ಶುರು, ಮುಕ್ತಾಯವೂ ಅದರ ಕೆಲಸ. ಬೀನ್ ಬೇಡ ಅಂದರೆ ಸರ್ವ್‌ಲೆಟ್ ಫೀಲ್ಡ್‌ನಲ್ಲಿ @ಪರ್ಸಿಸ್ಟೆನ್ಸ್‌ಯೂನಿಟ್ ಹಾಕಿ ಫ್ಯಾಕ್ಟರಿಯನ್ನು ಇಟ್ಟುಕೊಳ್ಳಿ. ಪ್ರತಿ ರಿಕ್ವೆಸ್ಟ್‌ನಲ್ಲೂ ಮೆಥಡ್ ಒಳಗೆ ಹೊಸ ಎಂಟಿಟಿ ಮ್ಯಾನೇಜರ್ ಮಾಡಿ, ಫೈನಲಿ ಬ್ಲಾಕಿನಲ್ಲಿ ಮುಚ್ಚಿ. ಮೂರನೇ ದಾರಿಯೂ ಒಂದಿದೆ. @ಪರ್ಸಿಸ್ಟೆನ್ಸ್‌ಕಾಂಟೆಕ್ಸ್ಟ್ ಗುರುತನ್ನು ಫೀಲ್ಡ್ ಮೇಲಿನಿಂದ ತೆಗೆದು ಕ್ಲಾಸ್ ಮೇಲೆ ಹಾಕಿ, ಒಂದು ಹೆಸರು ಕೊಟ್ಟು, ಮೆಥಡ್ ಒಳಗೆ ಸರ್ವರಿನ ಹೆಸರುಪಟ್ಟಿಯಾದ ಜೆಎನ್‌ಡಿಐನಿಂದ ಆ ಹೆಸರಿನಲ್ಲಿ ಕೇಳಿ ತರುವುದು. ನಿಯಮದ ಪ್ರಕಾರ ಸರಿಯೇ, ಆದರೆ ನನಗೆ ಅದು ಸುತ್ತಿ ಬಳಸಿ ಮೂಗು ಹಿಡಿದ ಹಾಗೆ ಕಾಣುತ್ತದೆ.

ಅಣ್ಣಾರ, ಫೈನಲ್ ಇಯರ್ ಪ್ರಾಜೆಕ್ಟ್ ಮಾಡ್ತಿದ್ದೀನಿ. ಡಿಎಒ (ಡೇಟಾಬೇಸ್ ಕೆಲಸ ಮಾಡುವ) ಕ್ಲಾಸಿನಲ್ಲಿ @ಪರ್ಸಿಸ್ಟೆನ್ಸ್‌ಕಾಂಟೆಕ್ಸ್ಟ್ ಹಾಕಿದ್ದೀನಿ. ಸರ್ವ್‌ಲೆಟ್‌ನಲ್ಲಿ ನ್ಯೂ ಅಂತ ಬರೆದು ಡಿಎಒ ಮಾಡಿಕೊಂಡು ಕರೆದರೆ ಫೀಲ್ಡ್ ಖಾಲಿ (ನಲ್) ಅನ್ನುವ ನಲ್ ಪಾಯಿಂಟರ್ ಎರರ್ ಬರುತ್ತೆ. ಜೆಪಿಎ ಸೆಟ್ಟಿಂಗ್ ಫೈಲ್ ಪರ್ಸಿಸ್ಟೆನ್ಸ್ ಡಾಟ್ ಎಕ್ಸ್‌ಎಂಎಲ್ ನಾಲ್ಕು ಸಲ ತಿದ್ದಿದೆ. ಮುಂದಿನ ವಾರ ವೈವಾ.
— ಹುಮನಾಬಾದಿನ ವಿದ್ಯಾರ್ಥಿನಿ

ತಂಗಿ, ಆ ಫೈಲ್ ಮುಟ್ಟಬೇಡ. ತಪ್ಪು ಅಲ್ಲಿಲ್ಲ, ನ್ಯೂ ಅನ್ನುವ ಮೂರಕ್ಷರದಲ್ಲಿದೆ.

ಖಾನಾವಳಿಯಲ್ಲಿ ಕೂತರೆ ಕೇಳದಿದ್ದರೂ ತಾಟಿಗೆ ಇನ್ನೊಂದು ರೊಟ್ಟಿ ಬಂದು ಬೀಳುತ್ತದೆ. ಮನೆಯಲ್ಲಿ ನೀನೇ ತಾಟು ಇಟ್ಟುಕೊಂಡು ಕೂತು, ಖಾನಾವಳಿಯವ ಯಾಕೆ ರೊಟ್ಟಿ ಹಾಕಲಿಲ್ಲ ಅಂದರೆ ಹೇಗೆ? ನೀನು ಒಳಗೆ ಬಂದದ್ದೇ ಅವನಿಗೆ ಗೊತ್ತಿಲ್ಲ. ನ್ಯೂ ಅಂತ ನೀನು ಮಾಡಿದ ವಸ್ತು ಕಂಟೇನರಿನ ಕಣ್ಣಿಗೆ ಬೀಳುವುದಿಲ್ಲ. ಅದು ತಾನೇ ಹುಟ್ಟಿಸಿದ ವಸ್ತುಗಳಿಗೆ ಮಾತ್ರ ಬಡಿಸುತ್ತದೆ: ಸರ್ವ್‌ಲೆಟ್, ಫಿಲ್ಟರ್, ಲಿಸನರ್, ಸೆಷನ್ ಬೀನ್, ಸಿಡಿಐ ಬೀನ್, ಇಂಥವಕ್ಕೆ.

ಡಿಎಒ ಮೇಲೆ @ಸ್ಟೇಟ್‌ಲೆಸ್ ಬರಿ. ಸರ್ವ್‌ಲೆಟ್‌ನಲ್ಲಿ ನ್ಯೂ ಅಳಿಸಿ, ಆ ಫೀಲ್ಡ್ ಮೇಲೆ @ಇಂಜೆಕ್ಟ್ ಅಥವಾ @ಇಜೆಬಿ ಬರಿ. ಮುಗಿಯಿತು. ಹೀಗೆ ಮಾಡಿದ ಮೇಲೂ ನಲ್ ಬಂದರೆ ಎರಡು ಕಡೆ ನೋಡು. ಕನ್‌ಸ್ಟ್ರಕ್ಟರ್ ಒಳಗೆ ಎಂಟಿಟಿ ಮ್ಯಾನೇಜರ್ ಬಳಸುತ್ತಿದ್ದೀಯಾ? ಇಂಜೆಕ್ಷನ್ ನಡೆಯುವುದು ಕನ್‌ಸ್ಟ್ರಕ್ಟರ್ ಮುಗಿದ ಮೇಲೆ, ಹಾಗಾಗಿ ಆ ಕೆಲಸ @ಪೋಸ್ಟ್‌ಕನ್‌ಸ್ಟ್ರಕ್ಟ್ ಮೆಥಡ್‌ಗೆ ಹೋಗಬೇಕು. ಫೀಲ್ಡ್ ಸ್ಟಾಟಿಕ್ ಮಾಡಿದ್ದೀಯಾ? ಸ್ಟಾಟಿಕ್ ಫೀಲ್ಡ್‌ಗೆ ಬಡಿಸುವುದಿಲ್ಲ.

ಇನ್ನೊಂದು ಅನುಮಾನ. ನಮ್ಮ ಕಡೆ ಕಾಲೇಜುಗಳಲ್ಲಿ ಸೀನಿಯರ್ಸ್ ಪ್ರಾಜೆಕ್ಟಿನ ಸೆಟ್ಟಿಂಗ್ ಫೈಲ್ ವೆಬ್ ಡಾಟ್ ಎಕ್ಸ್‌ಎಂಎಲ್ ವರ್ಷದಿಂದ ವರ್ಷಕ್ಕೆ ಕೈ ದಾಟಿ ಬರುತ್ತಿರುತ್ತದೆ. ಅದರ ಮೊದಲ ಸಾಲಿನಲ್ಲಿ ಮೆಟಾಡೇಟಾ ಕಂಪ್ಲೀಟ್ ಅನ್ನುವುದು ಟ್ರೂ ಅಂತ ಇದ್ದರೆ ಸರ್ವರ್ ನಿನ್ನ ಕ್ಲಾಸುಗಳ ಮೇಲಿನ ಗುರುತುಗಳನ್ನು ನೋಡುವ ಗೋಜಿಗೇ ಹೋಗದೆ ಇರಬಹುದು. ಒಮ್ಮೆ ತೆಗೆದು ನೋಡು. ವೈವಾದಲ್ಲಿ ಯಾಕೆ ನಲ್ ಬಂತು ಅಂತ ಹೇಳಿಬಿಟ್ಟರೆ ಅರ್ಧ ಮಾರ್ಕ್ಸ್ ಅಲ್ಲೇ ಸಿಗುತ್ತೆ.

ಟಾಮ್‌ಕ್ಯಾಟ್‌ನಲ್ಲಿ ಬರೀ ವಾರ್ ಫೈಲ್ (ವೆಬ್ ಅಪ್ಲಿಕೇಷನ್‌ನ ಕಟ್ಟು) ಹಾಕಿದ್ದೇವೆ. ಎಂಟಿಟಿ ಮ್ಯಾನೇಜರ್ ಇಂಜೆಕ್ಟ್ ಆಗ್ತಾನೇ ಇಲ್ಲ. ಸೆಟ್ಟಿಂಗ್ ಎಲ್ಲಿದೆ?
— ಕಲಬುರಗಿ, ಸೇಡಂ ರಸ್ತೆಯ ಓದುಗರು

ಸೆಟ್ಟಿಂಗ್ ಇಲ್ಲ. ಟಾಮ್‌ಕ್ಯಾಟ್ ಸರ್ವ್‌ಲೆಟ್, ಜೆಎಸ್‌ಪಿ (ಜಾವಾ ಬೆರೆಸಿದ ವೆಬ್ ಪುಟ) ನೋಡಿಕೊಳ್ಳುತ್ತದೆ. ಜೆಪಿಎ ಅದರ ವ್ಯಾಪಾರ ಅಲ್ಲ. ಆ ಕೆಲಸ ಮಾಡುವ ಹೈಬರ್ನೇಟ್ ಅಥವಾ ಎಕ್ಲಿಪ್ಸ್‌ಲಿಂಕ್ ಜಾರ್‌ಗಳನ್ನು (ಲೈಬ್ರರಿ ಫೈಲ್‌ಗಳನ್ನು) ನೀವೇ ವಾರ್ ಒಳಗೆ ಹಾಕಬೇಕು. ಪರ್ಸಿಸ್ಟೆನ್ಸ್ ಡಾಟ್ ಎಕ್ಸ್‌ಎಂಎಲ್‌ನಲ್ಲಿ ಟ್ರಾನ್ಸಾಕ್ಷನ್ ಬಗೆ ರಿಸೋರ್ಸ್ ಲೋಕಲ್ ಅಂತ ಇರಬೇಕು, ಜೆಟಿಎ (ಸರ್ವರೇ ಟ್ರಾನ್ಸಾಕ್ಷನ್ ನಡೆಸುವ ಬಗೆ) ಅಂತ ಅಲ್ಲ. ಆ ಫೈಲ್ ವೆಬ್-ಇನ್ಫ್ ಒಳಗಿನ ಕ್ಲಾಸಸ್ ಫೋಲ್ಡರ್, ಅದರೊಳಗಿನ ಮೆಟಾ-ಇನ್ಫ್‌ನಲ್ಲಿ ಇರಲಿ. ವಾರ್‌ನ ಹೊರಗಿನ ಮೆಟಾ-ಇನ್ಫ್‌ನಲ್ಲಿ ಇಟ್ಟು ಸಿಗ್ತಿಲ್ಲ ಅಂತ ಬರೆಯುವವರು ತಿಂಗಳಿಗೊಬ್ಬರಾದರೂ ಇದ್ದೇ ಇರುತ್ತಾರೆ.

ಆಮೇಲೆ ಅಪ್ಲಿಕೇಷನ್ ಶುರುವಾದಾಗ ಒಂದು ಲಿಸನರ್‌ನಲ್ಲಿ ಫ್ಯಾಕ್ಟರಿ ಮಾಡಿ ಸರ್ವ್‌ಲೆಟ್ ಕಾಂಟೆಕ್ಸ್ಟ್‌ನಲ್ಲಿ ಇಡಿ, ನಿಲ್ಲುವಾಗ ಅದೇ ಲಿಸನರ್‌ನಲ್ಲಿ ಮುಚ್ಚಿ. ರಿಕ್ವೆಸ್ಟ್‌ಗೊಂದು ಎಂಟಿಟಿ ಮ್ಯಾನೇಜರ್. ಮೇಲಿನ 412ರ ಕತೆ ಓದಿದ್ದೀರಲ್ಲ? ಅದೂ ಟಾಮ್‌ಕ್ಯಾಟೇ.

ಜೆಎಸ್‌ಪಿ ಪುಟದಲ್ಲೇ ನೇರವಾಗಿ ಇಂಜೆಕ್ಟ್ ಮಾಡಬಹುದಾ?
— ಯಾದಗಿರಿ

ಇಲ್ಲ. ಮಾಡಲು ಬಂದಿದ್ದರೂ ಬೇಡ ಅನ್ನುತ್ತಿದ್ದೆ.

ಹಳೆಯ ಪ್ರಾಜೆಕ್ಟನ್ನು ಹೊಸ ಸರ್ವರಿಗೆ ಹಾಕಿದೆವು. ಒಂದು ಎರರ್ ಇಲ್ಲದೆ ಡಿಪ್ಲಾಯ್ ಆಯಿತು. ಆದರೆ ಎಲ್ಲ ಎಂಟಿಟಿ ಮ್ಯಾನೇಜರ್‌ಗಳೂ ನಲ್. ಕೋಡ್‌ನಲ್ಲಿ ಒಂದಕ್ಷರ ಬದಲಿಸಿಲ್ಲ.
— ಚಿತ್ತಾಪುರದ ಓದುಗರು

ಬದಲಿಸದಿದ್ದದ್ದೇ ತೊಂದರೆ. ಒರಾಕಲ್ ಕಂಪನಿ ಜಾವಾ ಇಇಯನ್ನು ಎಕ್ಲಿಪ್ಸ್ ಫೌಂಡೇಶನ್‌ಗೆ ಒಪ್ಪಿಸಿತು, ಆದರೆ ಜಾವಾಎಕ್ಸ್ ಅನ್ನುವ ಪ್ಯಾಕೇಜ್ ಹೆಸರನ್ನು ಮುಂದಕ್ಕೆ ಬೆಳೆಸಲು ಬಿಡಲಿಲ್ಲ. ಹಾಗಾಗಿ 2020ರ ಡಿಸೆಂಬರ್‌ನಲ್ಲಿ ಬಂದ ಜಕಾರ್ತಾ ಇಇ 9ರಲ್ಲಿ ಹೆಸರು ಪೂರ್ತಿ ಜಕಾರ್ತಾ ಆಯಿತು. ಟಾಮ್‌ಕ್ಯಾಟ್ 9ರ ತನಕ ಹಳೆಯ ಹೆಸರು, 10ರಿಂದ ಹೊಸದು. ಸ್ಪ್ರಿಂಗ್ ಬೂಟ್ 3, ಹೈಬರ್ನೇಟ್ 6 ಕೂಡ ಹೊಸ ಹೆಸರಿನವೇ.

ನಿಮ್ಮ ವಾರ್ ಒಳಗೆ ಹಳೆಯ ಜೆಪಿಎ ಜಾರ್ ಇನ್ನೂ ಕೂತಿದೆ ಅಂತ ಕಾಣುತ್ತದೆ. ಅದಕ್ಕೇ ಕ್ಲಾಸುಗಳು ದೂರಿಲ್ಲದೆ ಲೋಡ್ ಆಗಿವೆ. ಹೊಸ ಸರ್ವರ್ ಮಾತ್ರ ಆ ಹಳೆಯ ಗುರುತನ್ನು ನೋಡಿ ಇದು ಯಾರೋ ಏನೋ ಅಂತ ಮುಂದೆ ಹೋಗಿದೆ. ನಮ್ಮ ಊರಿಗೆ ಗುಲ್ಬರ್ಗ ಅಂತ ವಿಳಾಸ ಬರೆದರೆ ಪೋಸ್ಟ್‌ಮ್ಯಾನ್ ಇವತ್ತಿಗೂ ತಂದು ಕೊಡುತ್ತಾನೆ. ಸರ್ವರ್‌ಗೆ ಆ ಮಮತೆ ಇಲ್ಲ.

ಇಂಪೋರ್ಟ್ ಸಾಲುಗಳನ್ನು ಬದಲಿಸಿ, ಹಳೆಯ ಜಾರ್ ಕಿತ್ತು ಹಾಕಿ, ಪರ್ಸಿಸ್ಟೆನ್ಸ್ ಡಾಟ್ ಎಕ್ಸ್‌ಎಂಎಲ್‌ನ ತಲೆಸಾಲನ್ನೂ ಹೊಸದು ಮಾಡಿ. ಒಂದು ಎಚ್ಚರಿಕೆ: ಎಲ್ಲ ಜಾವಾಎಕ್ಸ್‌ಗಳನ್ನೂ ಕಣ್ಣು ಮುಚ್ಚಿ ಒಂದೇ ಏಟಿಗೆ ಜಕಾರ್ತಾ ಮಾಡಬೇಡಿ. ಡೇಟಾಬೇಸ್ ಕನೆಕ್ಷನ್ ಕೊಡುವ ಡೇಟಾಸೋರ್ಸ್ ಇರುವ ಜಾವಾಎಕ್ಸ್ ಎಸ್‌ಕ್ಯೂಎಲ್ ಪ್ಯಾಕೇಜ್ ಜಾವಾದ ಮೂಲ ಜೆಡಿಕೆಗೆ ಸೇರಿದ್ದು. ಅದರ ಹೆಸರು ಹಾಗೇ ಇದೆ. ನಾನು ಹಾಗೆ ಒಂದೇ ಏಟಿಗೆ ಮಾಡಿ ಇಡೀ ಮಧ್ಯಾಹ್ನ ಕೆಂಪು ಗೆರೆ ಎಣಿಸಿದ್ದೇನೆ. ಹೊರಗೆ ಬಿಸಿಲು ಧಗಧಗ, ಒಳಗೆ ಕರೆಂಟ್ ಇಲ್ಲ, ಲ್ಯಾಪ್‌ಟಾಪ್‌ನಲ್ಲಿ ಅರ್ಧ ಚಾರ್ಜ್.

ಒಂದೇ ಅಪ್ಲಿಕೇಷನ್‌ನಲ್ಲಿ ಎರಡು ಡೇಟಾಬೇಸ್ ಇವೆ. ಒಂದರಲ್ಲಿ ಸ್ಟಾಕ್, ಇನ್ನೊಂದರಲ್ಲಿ ಸಂಬಳ. ಇಂಜೆಕ್ಟ್ ಮಾಡುವಾಗ ಯಾವುದು ಬರುತ್ತೆ?
— ಕಲಬುರಗಿಯ ದಾಲ್ ಮಿಲ್ ಒಂದರ ಕಂಪ್ಯೂಟರ್ ವಿಭಾಗದಿಂದ

ನೀವು ಹೇಳಿದ್ದು ಬರುತ್ತೆ, ಹೇಳಿದರೆ. ಪರ್ಸಿಸ್ಟೆನ್ಸ್ ಡಾಟ್ ಎಕ್ಸ್‌ಎಂಎಲ್‌ನಲ್ಲಿ ಎರಡು ಯೂನಿಟ್ ಬರೆದು ಬೇರೆ ಬೇರೆ ಹೆಸರು ಕೊಡಿ. ಇಂಜೆಕ್ಟ್ ಮಾಡುವಾಗ ಯೂನಿಟ್‌ನೇಮ್ ತಪ್ಪದೆ ಬರೆಯಿರಿ. ಪ್ರತಿಯೊಂದು ಯೂನಿಟ್‌ಗೂ ಅದರ ಡೇಟಾಸೋರ್ಸ್ ಬೇರೆ. ಯಾವ ಎಂಟಿಟಿ ಕ್ಲಾಸ್ ಯಾವುದಕ್ಕೆ ಸೇರಿದ್ದು ಅಂತಲೂ ಪಟ್ಟಿ ಮಾಡಿ. ಇಲ್ಲದಿದ್ದರೆ ಟೇಬಲ್ ತಾನೇ ಸೃಷ್ಟಿಸುವ ಸೆಟ್ಟಿಂಗ್ ಇಟ್ಟವರಿಗೆ ಸಂಬಳದ ಡೇಟಾಬೇಸಿನಲ್ಲಿ ಬೇಳೆಯ ಟೇಬಲ್ ಕಾಣಿಸಿಕೊಳ್ಳುತ್ತದೆ. ಒಂದೇ ಕೆಲಸದಲ್ಲಿ ಎರಡಕ್ಕೂ ಬರೆಯಬೇಕಾದರೆ ಎರಡನ್ನೂ ಒಂದೇ ಟ್ರಾನ್ಸಾಕ್ಷನ್‌ಗೆ ಸೇರಿಸುವ ಎಕ್ಸ್‌ಎ ಡೇಟಾಸೋರ್ಸ್ ಬೇಕು. ಅದು ದೊಡ್ಡ ಕತೆ, ಇನ್ನೊಮ್ಮೆ ಬರೆಯುತ್ತೇನೆ.

ಹೋದ ಸಂಚಿಕೆಯಲ್ಲಿ ನೀವು 'ಎಂಟಿಟಿ ಮ್ಯಾನೇಜರನ್ನು ಫೈನಲಿ ಬ್ಲಾಕಿನಲ್ಲಿ ತಪ್ಪದೆ ಮುಚ್ಚಿ' ಅಂತ ಬರೆದಿದ್ದಿರಿ. ನಮ್ಮ ಸೆಷನ್ ಬೀನ್‌ಗಳಲ್ಲಿ ಎಲ್ಲ ಕಡೆ ಹಾಗೇ ಮಾಡಿದೆವು. ಈಗ ಎಲ್ಲ ಕಡೆ ಇಲ್ಲೀಗಲ್‌ಸ್ಟೇಟ್‌ಎಕ್ಸೆಪ್ಷನ್. ಹಾಕಿದ್ದನ್ನೆಲ್ಲ ತೆಗೆಯಲು ಒಂದು ದಿನ ಹೋಯಿತು ಸರ್.
— ಬೀದರಿನ ಓದುಗರು

ತಪ್ಪು ನನ್ನದೇ. ಕ್ಷಮೆ ಇರಲಿ. ನನ್ನ ತಲೆಯಲ್ಲಿ ಟಾಮ್‌ಕ್ಯಾಟ್ ಇತ್ತು, ಅದನ್ನು ಪತ್ರಿಕೆಯಲ್ಲಿ ಹೇಳಲು ಮರೆತೆ.

@ಪರ್ಸಿಸ್ಟೆನ್ಸ್‌ಕಾಂಟೆಕ್ಸ್ಟ್ ಮೂಲಕ ಬಂದ ಎಂಟಿಟಿ ಮ್ಯಾನೇಜರ್ ಕಂಟೇನರಿನದು. ಅದನ್ನು ಕ್ಲೋಸ್ ಮಾಡಲು ಹೋದರೆ ನಿಯಮದ ಪ್ರಕಾರವೇ ಆ ಎಕ್ಸೆಪ್ಷನ್ ಬರುತ್ತದೆ. ಅದರ ಮೇಲೆ ಗೆಟ್‌ಟ್ರಾನ್ಸಾಕ್ಷನ್ ಕರೆದರೂ ಅದೇ ಗತಿ, ಯಾಕೆಂದರೆ ಅಲ್ಲಿ ಟ್ರಾನ್ಸಾಕ್ಷನ್ ನಡೆಸುವುದು ಜೆಟಿಎ. ಫ್ಯಾಕ್ಟರಿಯಿಂದ ನೀವೇ ಮಾಡಿಕೊಂಡದ್ದು ಮಾತ್ರ ನಿಮ್ಮದು. ಅದನ್ನು ಮುಚ್ಚದೆ ಬಿಟ್ಟರೆ ಒಂದೊಂದೇ ಕನೆಕ್ಷನ್ ಸಿಕ್ಕಿಹಾಕಿಕೊಂಡು ಮಧ್ಯಾಹ್ನದ ಹೊತ್ತಿಗೆ ಪೂಲ್ ಖಾಲಿ ಆಗಬಹುದು. ಫ್ಯಾಕ್ಟರಿಗೂ ಇದೇ ಮಾತು: ಇಂಜೆಕ್ಟ್ ಆಗಿ ಬಂದದ್ದನ್ನು ಮುಟ್ಟಬೇಡಿ, ನೀವು ಕಟ್ಟಿದ್ದನ್ನು ನೀವೇ ಮುಚ್ಚಿ.

ಹೋದ ಸಂಚಿಕೆ ಎತ್ತಿಟ್ಟುಕೊಂಡವರು ಆ ಸಾಲಿನ ಪಕ್ಕ ಪೆನ್ನಿನಲ್ಲಿ ಬರೆದುಕೊಳ್ಳಿ: 'ನಾವೇ ತೆರೆದಿದ್ದರೆ ಮಾತ್ರ.'